ಗುಣಮಟ್ಟ ಕೆಡದಂತೆ ವಿಡಿಯೊ ಫೈಲಿನ ಗಾತ್ರ ಇಳಿಸುವುದು: ಅತಿ ಕಠಿಣವಾದ ಒಂದು ನಿಮಿಷದಿಂದ ಆರಂಭಿಸಿ

ಅಕ್ಕನ ಮಗಳ ರಂಗಪ್ರವೇಶ ಮಲ್ಲೇಶ್ವರದ ಸಭಾಂಗಣವೊಂದರಲ್ಲಿ ನಡೆದ ವಾರದ ಬಳಿಕ ವಿಡಿಯೊ ತೆಗೆದವರು ಹಾರ್ಡ್‌ಡಿಸ್ಕಿನಲ್ಲಿ ತಂದುಕೊಟ್ಟ ಮೂರು ಗಂಟೆಯ ಫೈಲು ಸುಮಾರು 38 ಜಿಬಿ ಇತ್ತು. ಗುರುಗಳಿಗೆ ಒಂದು ಪ್ರತಿ, ಮೈಸೂರಿನಲ್ಲಿರುವ ಅಜ್ಜಿಗೆ ಒಂದು ಪ್ರತಿ ಕೊಡಬೇಕಿತ್ತು. ಮನೆಯಲ್ಲಿದ್ದ 32 ಜಿಬಿಯ ಪೆನ್‌ಡ್ರೈವಿಗೆ ಅದು ಹಿಡಿಸಲಿಲ್ಲ. ಭಾವ ಫೋನ್ ಮಾಡಿ, "ಸ್ವಲ್ಪ ಚಿಕ್ಕದು ಮಾಡಿಕೊಡಪ್ಪ, ಆದರೆ ಸೀರೆಯ ಜರಿ ಮಾತ್ರ ಮಂಕಾಗಬಾರದು" ಎಂದರು. ವಿಡಿಯೊ ಕುಗ್ಗಿಸುವ ಕೆಲಸದ ಕಷ್ಟವೆಲ್ಲ ಆ ಒಂದು ಮಾತಿನಲ್ಲಿಯೇ ಇದೆ. ಮುಂದಿನ ವಿವರಣೆಗೆ ಅದೇ ಫೈಲನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಮದುವೆ, ಉಪನಯನ, ಶಾಲೆಯ ವಾರ್ಷಿಕೋತ್ಸವ ಯಾವುದೇ ಆದರೂ ಕ್ರಮ ಇದೇ.

ಗಾತ್ರ ಎಲ್ಲಿಂದ ಬರುತ್ತದೆ

ಫೈಲಿನ ಗಾತ್ರವನ್ನು ನಿರ್ಧರಿಸುವುದು ಎರಡೇ ಸಂಗತಿಗಳು: ವಿಡಿಯೊ ಎಷ್ಟು ಹೊತ್ತಿನದು ಮತ್ತು ಒಂದೊಂದು ಸೆಕೆಂಡಿಗೆ ಎಷ್ಟು ಮಾಹಿತಿ ಖರ್ಚಾಗಿದೆ ಎಂಬುದು. ಈ ಎರಡನೆಯದನ್ನೇ ಬಿಟ್‌ರೇಟ್ ಎನ್ನುತ್ತಾರೆ. ನಮ್ಮ ಫೈಲಿನ ಬಿಟ್‌ರೇಟ್ ಸೆಕೆಂಡಿಗೆ 28 ಮೆಗಾಬಿಟ್. ಮೂರು ಗಂಟೆಯ 10,800 ಸೆಕೆಂಡಿನಿಂದ ಅದನ್ನು ಗುಣಿಸಿ, ಬಿಟ್ಟನ್ನು ಬೈಟಿಗೆ ಇಳಿಸಲು 8ರಿಂದ ಭಾಗಿಸಿದರೆ 37,800 ಎಂಬಿ ಬರುತ್ತದೆ. ಫೈಲ್ ಎಂಪಿ4 ಆಗಿದೆಯೋ ಎಂಕೆವಿ ಆಗಿದೆಯೋ ಎಂಬುದು ಗಾತ್ರದಲ್ಲಿ ಗಣನೀಯ ವ್ಯತ್ಯಾಸ ಮಾಡುವುದಿಲ್ಲ, ಏಕೆಂದರೆ ಅವು ಒಳಗಿನ ಚಿತ್ರ ಮತ್ತು ಧ್ವನಿಯನ್ನು ಹಿಡಿದಿಡುವ ಡಬ್ಬಿಗಳು ಮಾತ್ರ.

ಆದರೆ ಈ 38 ಜಿಬಿ ಕೂಡ ಆಗಲೇ ಚೆನ್ನಾಗಿ ಹಿಂಡಿದ ಫೈಲೇ. 1920 ಅಡ್ಡ, 1080 ಉದ್ದದ ಚುಕ್ಕಿಗಳಿರುವ ಚಿತ್ರವನ್ನು ಸೆಕೆಂಡಿಗೆ 50 ಫ್ರೇಮಿನಂತೆ (ಒಂದರ ಹಿಂದೊಂದು ಬರುವ ಒಂದೊಂದು ಸ್ಥಿರ ಚಿತ್ರವೂ ಒಂದು ಫ್ರೇಮ್) ಕುಗ್ಗಿಸದೆ ಉಳಿಸಿದರೆ, ಬಣ್ಣದ ವಿವರವನ್ನು ಸಾಮಾನ್ಯ ವಿಡಿಯೊಗಳಂತೆ ಕಾಲು ಭಾಗಕ್ಕೆ ಇಳಿಸಿಕೊಂಡ ಮೇಲೂ, ಪ್ರತಿ ಸೆಕೆಂಡಿಗೆ ಸುಮಾರು 155 ಎಂಬಿ ಬೇಕಾಗುತ್ತದೆ. ಮೂರು ಗಂಟೆಗೆ ಅದು 1,680 ಜಿಬಿ. ಅಂದರೆ ಕ್ಯಾಮೆರಾ ಸ್ಥಳದಲ್ಲಿಯೇ ನಲವತ್ತಕ್ಕೂ ಹೆಚ್ಚು ಪಟ್ಟು ಕುಗ್ಗಿಸಿದೆ. ಹಾಗಿದ್ದ ಮೇಲೆ ಇನ್ನೂ ಕುಗ್ಗಿಸಲು ಏನು ಉಳಿದಿದೆ ಎಂಬ ಪ್ರಶ್ನೆ ಸಹಜ. ಉತ್ತರ ಇಷ್ಟೇ: ಕ್ಯಾಮೆರಾದೊಳಗಿನ ಚಿಕ್ಕ ಚಿಪ್ಪು ಬ್ಯಾಟರಿಯ ಬಲದ ಮೇಲೆ, ಒಂದು ಸೆಕೆಂಡಿನ ದೃಶ್ಯವನ್ನು ಒಂದೇ ಸೆಕೆಂಡಿನಲ್ಲಿ ಕುಗ್ಗಿಸಿ ಮುಗಿಸಬೇಕು. ಯೋಚಿಸಲು ಸಮಯವಿಲ್ಲದ ಕಾರಣ ಅದು ಧಾರಾಳವಾಗಿ ಜಾಗ ಬಳಸುತ್ತದೆ. ನಮ್ಮ ಕಂಪ್ಯೂಟರಿಗೆ ಅಂಥ ಅವಸರವಿಲ್ಲ. ಇಡೀ ರಾತ್ರಿ ಕೂತು ಅದೇ ಚಿತ್ರವನ್ನು ಇನ್ನೂ ಜಾಣತನದಿಂದ ಬರೆಯಬಲ್ಲದು. ನಾವು ಇಲ್ಲಿ ಸಮಯ ಕೊಟ್ಟು ಜಾಗ ಕೊಳ್ಳುತ್ತಿದ್ದೇವೆ.

ಆ ಜಾಣತನ ಎರಡು ಬಗೆಯದು. ಒಂದು, ಕಳೆದ ಫ್ರೇಮಿನಿಂದ ಈ ಫ್ರೇಮಿಗೆ ಏನು ಬದಲಾಗಿದೆಯೋ ಅದನ್ನಷ್ಟೇ ಬರೆಯುವುದು. ವೇದಿಕೆಯ ಬಲಬದಿಯ ನಟರಾಜ ಮೂರು ಗಂಟೆ ಕಾಲ ಕದಲಲಿಲ್ಲ. ಅವನನ್ನು ಸೆಕೆಂಡಿಗೆ ಐವತ್ತು ಸಲ ಹೊಸದಾಗಿ ವರ್ಣಿಸುವ ಅಗತ್ಯವಿಲ್ಲ. ಇನ್ನೊಂದು, ಚಿತ್ರವನ್ನು ಚಿಕ್ಕ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿ ನಿಧಾನವಾಗಿ ಬದಲಾಗುವ ಛಾಯೆಯನ್ನೂ ಚುರುಕಾಗಿ ಬದಲಾಗುವ ಸೂಕ್ಷ್ಮ ವಿವರವನ್ನೂ ಬೇರ್ಪಡಿಸಿ, ಕಣ್ಣು ಗಮನಿಸದ ಸೂಕ್ಷ್ಮವನ್ನು ಕೈಬಿಡುವುದು. ಇದಕ್ಕೆ ಆಧಾರವಾದ ಗಣಿತ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಅದನ್ನು ರೂಪಿಸಿದ ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು, ಕೆ.ಆರ್. ವೃತ್ತದ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದವರು. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರ ಜತೆ 1974ರ ಜನವರಿಯಲ್ಲಿ ಅವರು ಪ್ರಕಟಿಸಿದ ಚಿಕ್ಕ ಲೇಖನದ ಮೇಲೆಯೇ ಜೆಪೆಗ್ ಚಿತ್ರದಿಂದ ಹಿಡಿದು ಇಂದಿನ ಮೊಬೈಲ್ ವಿಡಿಯೊವರೆಗೆ ಎಲ್ಲವೂ ನಿಂತಿದೆ. ಆ ವೃತ್ತದಲ್ಲಿ ಸಿಗ್ನಲ್ಲಿಗೆ ಕಾಯುತ್ತ ನಿಂತವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ!

"ಗುಣಮಟ್ಟ ಕೆಡದಂತೆ" ಎಂಬ ಮಾತನ್ನು ಇದರಿಂದ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಮತ್ತೆ ಎನ್‌ಕೋಡ್ ಮಾಡಿ, ಅಂದರೆ ಚಿತ್ರವನ್ನು ಹೊಸದಾಗಿ ಕುಗ್ಗಿಸಿ ಬರೆದು, ಗಾತ್ರ ಇಳಿಸಿದಾಗ ಸ್ವಲ್ಪ ಮಾಹಿತಿ ಹೋಗಿಯೇ ಹೋಗುತ್ತದೆ. ಹೋದದ್ದು ಕಣ್ಣಿಗೆ ಕಾಣದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ. ಒಂದಿಷ್ಟೂ ಕಳೆದುಕೊಳ್ಳದೆ ಹತ್ತು ಪಟ್ಟು ಕುಗ್ಗಿಸುತ್ತೇವೆ ಎಂದು ಜಾಹೀರಾತು ಕೊಡುವ ತಂತ್ರಾಂಶಗಳನ್ನು ನಂಬಬೇಡಿ. ಜಿಪ್ ಮಾಡುವುದರಿಂದಲೂ ಪ್ರಯೋಜನವಿಲ್ಲ; ಆಗಲೇ ಹಿಂಡಿದ ಕಬ್ಬಿನ ಜಲ್ಲೆಯನ್ನು ಇನ್ನೊಮ್ಮೆ ಗಾಣಕ್ಕೆ ಕೊಟ್ಟಂತೆ ಅದು.

ಮೊದಲ ಹೆಜ್ಜೆ: ಫೈಲನ್ನು ಪರೀಕ್ಷಿಸುವುದು

ವಿಎಲ್‌ಸಿ ಪ್ಲೇಯರಿನಲ್ಲಿ ವಿಡಿಯೊ ತೆರೆದು ಕಂಟ್ರೋಲ್ ಮತ್ತು ಜೆ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕೋಡೆಕ್ (ಚಿತ್ರವನ್ನು ಕುಗ್ಗಿಸಿದ ವಿಧಾನ), ರೆಸೊಲ್ಯೂಷನ್ (ಚುಕ್ಕಿಗಳ ಲೆಕ್ಕ), ಫ್ರೇಮ್‌ರೇಟ್ ಕಾಣುತ್ತವೆ. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶ ಬಿಟ್‌ರೇಟನ್ನೂ, ಚಿತ್ರ ಇಂಟರ್‌ಲೇಸ್ಡ್ ಆಗಿದೆಯೇ (ಇದರ ಅರ್ಥ ಮುಂದೆ ಬರುತ್ತದೆ) ಎಂಬುದನ್ನೂ ಹೇಳುತ್ತದೆ. ಈ ನಾಲ್ಕೈದು ಅಂಶಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. 1080 ಗಾತ್ರದ ವಿಡಿಯೊ ಸೆಕೆಂಡಿಗೆ ಮೂರು ನಾಲ್ಕು ಮೆಗಾಬಿಟ್ ಮಾತ್ರ ಬಳಸುತ್ತಿದ್ದರೆ ಅದನ್ನು ಮುಟ್ಟದಿರುವುದೇ ಲೇಸು. ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಆಗಿಯೇ ಬಂದದ್ದನ್ನು ಮತ್ತೆ ಕುಗ್ಗಿಸುವುದು ವ್ಯರ್ಥ ಪ್ರಯತ್ನ.

ಎರಡನೆಯ ಹೆಜ್ಜೆ: ಬೇಡವಾದದ್ದನ್ನು ಕತ್ತರಿಸುವುದು

ಚಿತ್ರದ ಗುಣಮಟ್ಟಕ್ಕೆ ಕಿಂಚಿತ್ತೂ ಧಕ್ಕೆಯಿಲ್ಲದೆ ಗಾತ್ರ ಇಳಿಸುವ ಉಪಾಯ ಇದು, ಆದರೆ ಹೆಚ್ಚಿನವರು ಇದನ್ನು ಮಾಡುವುದಿಲ್ಲ. ನಮ್ಮ ಫೈಲಿನ ಆರಂಭದಲ್ಲಿ ಖಾಲಿ ವೇದಿಕೆ, "ಹಲೋ, ಮೈಕ್ ಚೆಕ್", ಕುರ್ಚಿ ಸರಿಸುವ ಹುಡುಗರು. ಕೊನೆಯಲ್ಲಿ ಸಭಿಕರು ಊಟದ ಹಾಲಿನತ್ತ ಹೊರಟ ದೃಶ್ಯ. ಎಲ್ಲ ಸೇರಿ 25 ನಿಮಿಷ, ಅಂದರೆ 5 ಜಿಬಿಗೂ ಮಿಕ್ಕಿದ ಜಾಗ. ಲಾಸ್‌ಲೆಸ್‌ಕಟ್ ಎಂಬ ತಂತ್ರಾಂಶದಲ್ಲಿ ಆರಂಭ ಮತ್ತು ಅಂತ್ಯದ ಬಿಂದುಗಳನ್ನು ಗುರುತಿಸಿ ಎಕ್ಸ್‌ಪೋರ್ಟ್ ಒತ್ತಿದರೆ, ಅದು ಚಿತ್ರವನ್ನು ಮರಳಿ ಎನ್‌ಕೋಡ್ ಮಾಡದೆ ಉಳಿದ ಭಾಗವನ್ನು ಹಾಗೆಯೇ ನಕಲು ಮಾಡಿಕೊಡುತ್ತದೆ. ಹೀಗೆ ಕತ್ತರಿಸುವಾಗ ಕೀಫ್ರೇಮ್ (ಹಿಂದಿನದನ್ನು ಅವಲಂಬಿಸದೆ ಪೂರ್ತಿ ಬರೆದ ಫ್ರೇಮ್) ಇರುವಲ್ಲಿಯೇ ತುಂಡಾಗುವುದರಿಂದ ಒಂದೆರಡು ಸೆಕೆಂಡು ಹಿಂದುಮುಂದಾಗಬಹುದು; ಬೇಕಾದ ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಬಿಟ್ಟು ಕತ್ತರಿಸಿ.

ಮೂರನೆಯ ಹೆಜ್ಜೆ: ಹ್ಯಾಂಡ್‌ಬ್ರೇಕಿನ ಸಿದ್ಧತೆ

ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಕುಗ್ಗಿಸುವ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಉಚಿತವಾಗಿ ದೊರೆಯುತ್ತದೆ. ಅದರ ಅಧಿಕೃತ ತಾಣದಿಂದ ಮಾತ್ರ ಇಳಿಸಿಕೊಳ್ಳಿ ಮತ್ತು ಅಲ್ಲಿ ಕೊಟ್ಟಿರುವ ಚೆಕ್‌ಸಮ್ (ಫೈಲ್ ಬದಲಾಗಿಲ್ಲವೆಂದು ತಾಳೆ ನೋಡುವ ಸಂಕೇತ) ಹೋಲಿಸಿ ನೋಡಿ. 2017ರ ಮೇ ತಿಂಗಳಲ್ಲಿ ಅದರ ಒಂದು ಡೌನ್‌ಲೋಡ್ ಸರ್ವರಿಗೆ ಕನ್ನ ಹಾಕಿ, ಮ್ಯಾಕ್ ಆವೃತ್ತಿಯ ಜಾಗದಲ್ಲಿ ಕುತಂತ್ರಾಂಶ ಇಟ್ಟ ಘಟನೆಯೂ ನಡೆದಿದೆ. ತಂತ್ರಾಂಶದ ಪರದೆಯಲ್ಲಿ ಕಾಣುವ ಇಂಗ್ಲಿಷ್ ಹೆಸರುಗಳನ್ನು ಇಲ್ಲಿ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ.

"ಓಪನ್ ಸೋರ್ಸ್" ಒತ್ತಿ ಫೈಲನ್ನು ಆರಿಸಿದ ಬಳಿಕ ಪ್ರೀಸೆಟ್ (ಮೊದಲೇ ಸಿದ್ಧಪಡಿಸಿಟ್ಟ ಹೊಂದಾಣಿಕೆಗಳ) ಪಟ್ಟಿಯಿಂದ "ಎಚ್‌ಕ್ಯೂ 1080ಪಿ30 ಸರೌಂಡ್" ತೆಗೆದುಕೊಳ್ಳಿ. ಅದು ಆರಂಭದ ನೆಲೆ ಮಾತ್ರ, ಅದರಲ್ಲಿ ಹಲವನ್ನು ಬದಲಿಸಬೇಕು. ಹೆಸರಿನಲ್ಲಿರುವ 30 ಎಂಬುದೇ ಮೊದಲ ಬಲೆ: 50 ಫ್ರೇಮಿನ ವಿಡಿಯೊವನ್ನು ಈ ಪ್ರೀಸೆಟ್ ಸದ್ದಿಲ್ಲದೆ 30ಕ್ಕೆ ಇಳಿಸಿಬಿಡುತ್ತದೆ, ನೃತ್ಯದ ಓಘ ಕುಂಟುತ್ತದೆ. ಆದ್ದರಿಂದ "ವಿಡಿಯೊ" ಪುಟಕ್ಕೆ ಹೋಗಿ ಫ್ರೇಮ್‌ರೇಟನ್ನು "ಸೇಮ್ ಆ್ಯಸ್ ಸೋರ್ಸ್" ಎಂದು ಮಾಡಿ. ಫ್ರೇಮ್ ಅರ್ಧ ಮಾಡಿದರೆ ಗಾತ್ರವೂ ಅರ್ಧವಾಗುತ್ತದೆ ಎಂಬ ಭ್ರಮೆ ಬೇಡ. ಅಕ್ಕಪಕ್ಕದ ಫ್ರೇಮುಗಳು ಹೆಚ್ಚುಕಡಿಮೆ ಒಂದೇ ಇರುವುದರಿಂದ ಉಳಿತಾಯ ಅದಕ್ಕಿಂತ ಬಹಳ ಕಡಿಮೆ. ಮೊಬೈಲಿನಲ್ಲಿ ತೆಗೆದ ವಿಡಿಯೊಗಳ ಫ್ರೇಮ್‌ರೇಟ್ ಏರಿಳಿಯುತ್ತಿರುತ್ತದೆ; ಅವನ್ನು ಮುಂದೆ ಎಡಿಟ್ ಮಾಡುವ ಉದ್ದೇಶವಿದ್ದರೆ ಮಾತ್ರ "ಕಾನ್ಸ್ಟಂಟ್" ಆರಿಸಿ.

"ಡೈಮೆನ್ಷನ್ಸ್" ಪುಟದಲ್ಲಿ ಎರಡನೆಯ ಬಲೆ ಇದೆ. ಹ್ಯಾಂಡ್‌ಬ್ರೇಕ್ ಚಿತ್ರದ ಅಂಚಿನ ಕಪ್ಪು ಪಟ್ಟಿಗಳನ್ನು ತಾನೇ ಗುರುತಿಸಿ ಕತ್ತರಿಸುತ್ತದೆ. ಸಿನಿಮಾಗಳಿಗೆ ಇದು ಅನುಕೂಲ. ಆದರೆ ಕಪ್ಪು ಪರದೆಯ ವೇದಿಕೆಯಲ್ಲಿ ದೀಪ ನರ್ತಕಿಯ ಮೇಲಷ್ಟೇ ಬಿದ್ದಿದ್ದಾಗ, ಸುತ್ತಲಿನ ಕತ್ತಲೆಯನ್ನೂ ಅದು ಕಪ್ಪು ಪಟ್ಟಿ ಎಂದೇ ಎಣಿಸಬಹುದು. ಮುಂದೆ ಎತ್ತಿದ ಕೈಯ ಬೆರಳುಗಳು ಚೌಕಟ್ಟಿನಿಂದ ಹೊರಗುಳಿದಾವು. ಕ್ರಾಪಿಂಗ್ ಎಂಬಲ್ಲಿ "ನನ್" ಇಡಿ. ಮೂಲ 1080 ಇದ್ದರೆ ರೆಸೊಲ್ಯೂಷನ್ ಹಾಗೆಯೇ ಇರಲಿ. 4ಕೆ ವಿಡಿಯೊವನ್ನು 1080ಕ್ಕೆ ಇಳಿಸಿದರೆ ಚುಕ್ಕಿಗಳು ಕಾಲು ಭಾಗವಾಗುತ್ತವೆ. ಹಂಚುವ ಪ್ರತಿಗೆ ಇದು ಒಪ್ಪಬಹುದಾದ ತ್ಯಾಗ, ಕಾಪಿಡುವ ಪ್ರತಿಗೆ ಅಲ್ಲ.

"ಫಿಲ್ಟರ್ಸ್" ಪುಟದ ಬಗ್ಗೆ ನನ್ನದೇ ಎಡವಟ್ಟನ್ನು ಹೇಳಬೇಕು. ಹಳೆಯ ಡಿವಿಡಿಗಳಲ್ಲಿ ಚಿತ್ರ ಇಂಟರ್‌ಲೇಸ್ಡ್ ಆಗಿರುತ್ತದೆ, ಅಂದರೆ ಬೆಸ ಗೆರೆಗಳು ಒಂದು ಕ್ಷಣದವು, ಸಮ ಗೆರೆಗಳು ಮರುಕ್ಷಣದವು. ಚಿಕ್ಕಪ್ಪನ ಮಗನ ಉಪನಯನದ ಡಿವಿಡಿಯನ್ನು ಕುಗ್ಗಿಸುವಾಗ ಈ ಪುಟವನ್ನು ನಾನು ನೋಡಲೇ ಇಲ್ಲ. ಯಾವಾಗಲೋ ಆಫ್ ಮಾಡಿದ್ದ ಡಿಇಂಟರ್‌ಲೇಸ್ ಹಾಗೆಯೇ ಉಳಿದಿತ್ತು. ಫಲವಾಗಿ ಯಾರು ಕೈ ಎತ್ತಿದರೂ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಚಿತ್ರದೊಳಗೆ ಶಾಶ್ವತವಾಗಿ ಅಚ್ಚಾದವು. ಡಿವಿಡಿಯಿಂದ ನಕಲು ಮಾಡಿಕೊಂಡಿದ್ದ ಫೈಲನ್ನು ಆಗಲೇ ಅಳಿಸಿದ್ದೆ, ಡಿವಿಡಿಯ ಮೇಲೆ ಗೀರು ಬಿದ್ದಿತ್ತು. ಆದ್ದರಿಂದ ಡಿಇಂಟರ್‌ಲೇಸ್ ಎಂಬಲ್ಲಿ "ಡಿಕೋಂಬ್" ಇದೆಯೇ ಎಂದು ಪ್ರತಿ ಸಲವೂ ಖಚಿತಪಡಿಸಿಕೊಳ್ಳಿ. ಕತ್ತಲಲ್ಲಿ ಮೊಬೈಲಿನಿಂದ ತೆಗೆದ ವಿಡಿಯೊದಲ್ಲಿ ಇರುವೆ ಹರಿದಂತೆ ಕಾಣುವ ನಾಯ್ಸ್ ಬಹಳ ಜಾಗ ತಿನ್ನುತ್ತದೆ. ಅಂಥದಕ್ಕೆ "ಡಿನಾಯ್ಸ್" ಅನ್ನು ಕನಿಷ್ಠ ಮಟ್ಟದಲ್ಲಿ ಬಳಸಬಹುದು. ಒಳ್ಳೆಯ ಬೆಳಕಿನ ವಿಡಿಯೊಗೆ ಅದು ಬೇಡ, ಮುಖ ಮೇಣದ ಬೊಂಬೆಯಂತಾಗುತ್ತದೆ.

ಯಾವ ಕೋಡೆಕ್

ನೋಡುವವರ ಬಳಿ ಇರುವ ಯಂತ್ರವೇ ಇದನ್ನು ತೀರ್ಮಾನಿಸಬೇಕು. 2003ರಲ್ಲಿ ಬಂದ ಎಚ್.264 ಅನ್ನು ಅಜ್ಜಿಯ ಹತ್ತು ವರ್ಷದ ಟಿವಿಯೂ ಓದುತ್ತದೆ. 2013ರ ಎಚ್.265 ಅದೇ ಗುಣಮಟ್ಟವನ್ನು ಗಣನೀಯವಾಗಿ ಕಡಿಮೆ ಜಾಗದಲ್ಲಿ ಕೊಡುತ್ತದೆ, ಆದರೆ ಎನ್‌ಕೋಡಿಂಗ್ ಹೆಚ್ಚು ಹೊತ್ತು ಹಿಡಿಯುತ್ತದೆ ಮತ್ತು ಹಳೆಯ ಟಿವಿಗಳು ಅದನ್ನು ಗುರುತಿಸುವುದಿಲ್ಲ. 2018ರ ಎವಿ1 ಇನ್ನೂ ಮಿತವ್ಯಯಿ. ಹೊಸ ಫೋನು ಮತ್ತು ಕಂಪ್ಯೂಟರುಗಳಿಗೆ ಸರಿ. ನಾನು ಹಂಚುವ ಪ್ರತಿಗೆ ಎಚ್.264, ಮನೆಯಲ್ಲಿ ಉಳಿಸಿಕೊಳ್ಳುವ ಪ್ರತಿಗೆ "ಎಚ್.265 10-ಬಿಟ್" ಬಳಸುತ್ತೇನೆ. 10-ಬಿಟ್ ಎಂದರೆ ಬಣ್ಣದ ಛಾಯೆಗಳನ್ನು ಸಾಮಾನ್ಯ 8-ಬಿಟ್‌ಗಿಂತ ಸೂಕ್ಷ್ಮ ಮೆಟ್ಟಿಲುಗಳಲ್ಲಿ ಬರೆಯುವುದು. ಹೊಸ ಫೋನುಗಳ ಎಚ್‌ಡಿಆರ್ (ಬೆಳಕು-ಕತ್ತಲೆಯ ವ್ಯಾಪ್ತಿ ಹೆಚ್ಚಿರುವ) ವಿಡಿಯೊಗಳಿಗಂತೂ 10-ಬಿಟ್ ಕಡ್ಡಾಯ.

ಪಟ್ಟಿಯಲ್ಲಿ ಎನ್‌ವೆಂಕ್, ಕ್ವಿಕ್‌ಸಿಂಕ್ ಎಂಬ ಹೆಸರುಗಳೂ ಕಾಣಬಹುದು. ಇವು ಗ್ರಾಫಿಕ್ಸ್ ಚಿಪ್ಪಿನಿಂದ ಕೆಲಸ ಮಾಡಿಸುತ್ತವೆ, ಗಂಟೆಗಳ ಕೆಲಸವನ್ನು ನಿಮಿಷಗಳಲ್ಲಿ ಮುಗಿಸುತ್ತವೆ. ಆದರೆ ಅದೇ ಗುಣಮಟ್ಟಕ್ಕೆ ಸಾಮಾನ್ಯವಾಗಿ ಹೆಚ್ಚು ಜಾಗ ಕೇಳುತ್ತವೆ. ಕ್ಯಾಮೆರಾ ಅವಸರದಲ್ಲಿ ಮಾಡಿದ್ದನ್ನೇ ನಾವೂ ಅವಸರದಲ್ಲಿ ಮಾಡುವುದಾದರೆ ಈ ಶ್ರಮವೇ ಬೇಕಿರಲಿಲ್ಲ. "ಎನ್‌ಕೋಡರ್ ಪ್ರೀಸೆಟ್" ಜಾರುಕಡ್ಡಿಯನ್ನು "ಸ್ಲೋ" ಎಂಬಲ್ಲಿಗೆ ತನ್ನಿ. ಅದಕ್ಕಿಂತ ನಿಧಾನದ ಕಡೆಗೆ ಹೋದರೆ ಸಮಯ ವಿಪರೀತ ಹೆಚ್ಚುತ್ತದೆ, ಫಲ ಅಲ್ಪ. ಕೊನೆಯ "ಪ್ಲಸೀಬೊ" (ಔಷಧವಿಲ್ಲದ ಹುಸಿ ಗುಳಿಗೆ) ಎಂಬ ಹೆಸರೇ ಅದನ್ನು ಹೇಳುತ್ತದೆ.

ನಾಲ್ಕನೆಯ ಹೆಜ್ಜೆ: ಅತಿ ಕಠಿಣವಾದ ಒಂದು ನಿಮಿಷ

ಇಡೀ ಕೆಲಸದಲ್ಲಿ ನಿಜವಾದ ತೀರ್ಮಾನ ಇಲ್ಲಿದೆ. "ಆವರೇಜ್ ಬಿಟ್‌ರೇಟ್" ಆರಿಸಿದರೆ ಗಾತ್ರ ಮೊದಲೇ ನಿಗದಿಯಾಗುತ್ತದೆ, ಗುಣಮಟ್ಟ ಅದೃಷ್ಟಕ್ಕೆ ಬಿಟ್ಟದ್ದು. "ಕಾನ್ಸ್ಟಂಟ್ ಕ್ವಾಲಿಟಿ" ಆರಿಸಿದರೆ ಗುಣಮಟ್ಟ ನಿಗದಿಯಾಗುತ್ತದೆ, ಪ್ರತಿ ದೃಶ್ಯವೂ ತನಗೆ ಬೇಕಾದಷ್ಟು ಜಾಗವನ್ನು ತಾನೇ ತೆಗೆದುಕೊಳ್ಳುತ್ತದೆ. ನಮಗೆ ಬೇಕಾದದ್ದು ಎರಡನೆಯದು. ಅದರ ಆರ್‌ಎಫ್ ಎಂಬ ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು, ಫೈಲ್ ದೊಡ್ಡದು; ಆರು ಅಂಕ ಹೆಚ್ಚಿಸಿದರೆ ಗಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎಚ್.264 ಮತ್ತು ಎಚ್.265ಕ್ಕೆ ಹ್ಯಾಂಡ್‌ಬ್ರೇಕ್ ತಂಡ ಸೂಚಿಸುವ ವ್ಯಾಪ್ತಿ ಹೀಗಿದೆ: ಡಿವಿಡಿ ಗಾತ್ರಕ್ಕೆ 18ರಿಂದ 22, 720ಕ್ಕೆ 19ರಿಂದ 23, 1080ಕ್ಕೆ 20ರಿಂದ 24, 4ಕೆಗೆ 22ರಿಂದ 28. ಒಂದು ಕೋಡೆಕ್ಕಿನ ಸಂಖ್ಯೆಯನ್ನು ಇನ್ನೊಂದರ ಸಂಖ್ಯೆಗೆ ನೇರವಾಗಿ ಹೋಲಿಸಬಾರದು.

ಈ ವ್ಯಾಪ್ತಿಯೊಳಗೆ ನಿಮ್ಮ ವಿಡಿಯೊಗೆ ಯಾವುದು ಸರಿ ಎಂಬುದನ್ನು ಪರೀಕ್ಷೆಯೊಂದೇ ಹೇಳಬಲ್ಲದು. ಇಡೀ ವಿಡಿಯೊದಲ್ಲಿ ಎನ್‌ಕೋಡರಿಗೆ ಅತಿ ಕಷ್ಟವಾಗುವ ಒಂದು ನಿಮಿಷವನ್ನು ಹುಡುಕಿ. ಮಳೆ, ಗಾಳಿಗೆ ಅಲುಗುವ ಎಲೆಗಳು, ಎರಚಿದ ಅಕ್ಷತೆ, ಪಟಾಕಿಯ ಕಿಡಿ, ಹೊಗೆ, ಮಿನುಗುವ ಸೀರಿಯಲ್ ಲೈಟು, ಇವೆಲ್ಲ ಅಂಥವು. ನಮ್ಮ ಫೈಲಿನಲ್ಲಿ ಅದು ತಿಲ್ಲಾನದ ಕೊನೆಯ ಭಾಗ: ವೇಗದ ಜತಿ, ಪ್ರತಿ ಅರೆಮಂಡಿಗೂ ಬಿಚ್ಚಿಕೊಳ್ಳುವ ಬೀಸಣಿಗೆಯ ನೆರಿಗೆ, ಅದರ ತುಂಬ ಜರಿ, ಹಿಂದೆ ನೀಲಿ ಬೆಳಕಿನಲ್ಲಿ ತೇಲುವ ಹೊಗೆ. ಹ್ಯಾಂಡ್‌ಬ್ರೇಕಿನ "ರೇಂಜ್" ಅನ್ನು "ಸೆಕೆಂಡ್ಸ್" ಎಂದು ಬದಲಿಸಿ ಆ ನಿಮಿಷವನ್ನು ಮಾತ್ರ ಆರಿಸಿ, ಆರ್‌ಎಫ್ 18, 21, 24ರಲ್ಲಿ ಮೂರು ಪ್ರತಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ತೆಗೆದೆ. ಮೂಲದಲ್ಲಿ 210 ಎಂಬಿ ಇದ್ದ ಆ ನಿಮಿಷ ಕ್ರಮವಾಗಿ 92, 63 ಮತ್ತು 44 ಎಂಬಿ ಆಯಿತು.

ನೋಡುವ ಕ್ರಮಕ್ಕೂ ಶಿಸ್ತು ಬೇಕು. ಲ್ಯಾಪ್‌ಟಾಪಿನ ಚಿಕ್ಕ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಮನೆಯ ದೊಡ್ಡ ಟಿವಿಗೆ ಹಾಕಿ, ಕೋಣೆಯ ದೀಪ ಆರಿಸಿ, ಮೊದಲು ಎಲ್ಲಿಯೂ ನಿಲ್ಲಿಸದೆ ನೋಡಿ. ಅನಂತರ ಮೂರೂ ಪ್ರತಿಗಳನ್ನು ಒಂದೇ ಕ್ಷಣದಲ್ಲಿ ನಿಲ್ಲಿಸಿ ಹೋಲಿಸಿ. 18ನ್ನೂ 21ನ್ನೂ ಮೂಲದಿಂದ ಬೇರ್ಪಡಿಸಿ ಹೇಳಲು ನನ್ನಿಂದ ಆಗಲಿಲ್ಲ. 24ರಲ್ಲಿ ಮುಖ ಸ್ಪಷ್ಟವಾಗಿಯೇ ಇತ್ತು, ಆದರೆ ನೆರಿಗೆಯ ಜರಿ ಎಳೆಯೆಳೆಯಾಗಿ ಕಾಣುವ ಬದಲು ಹಳದಿ ಬಣ್ಣ ಬಳಿದಂತಿತ್ತು; ಜಡೆಯ ಮಲ್ಲಿಗೆ ದಂಡೆಯಲ್ಲಿ ಮೊಗ್ಗುಗಳು ಒಂದಕ್ಕೊಂದು ಅಂಟಿಕೊಂಡಿದ್ದವು; ಹಿಂದಿನ ನೀಲಿ ಬೆಳಕು ಒಂದೇ ಸಮನೆ ಇಳಿಯದೆ ಮೆಟ್ಟಿಲು ಮೆಟ್ಟಿಲಾಗಿ ಒಡೆದಿತ್ತು. ಈ ಮೆಟ್ಟಿಲು ತಪ್ಪಿಸುವುದರಲ್ಲಿ 10-ಬಿಟ್ ಎನ್‌ಕೋಡಿಂಗ್ ಮುಂದು. 21 ಎಂದು ತೀರ್ಮಾನಿಸಿದೆ. ಅತಿ ಕಠಿಣ ನಿಮಿಷ ಪಾಸಾದ ಮೇಲೆ ಉಳಿದ ಎರಡೂವರೆ ಗಂಟೆಯ ಬಗ್ಗೆ ಚಿಂತೆಯಿಲ್ಲ.

ಧ್ವನಿಯಲ್ಲಿ ಜಿಪುಣತನ ಬೇಡ. ಸೆಕೆಂಡಿಗೆ 256 ಕಿಲೋಬಿಟ್‌ನ ಎಎಸಿ (ಧ್ವನಿ ಕುಗ್ಗಿಸುವ ಒಂದು ವಿಧಾನ) ಮೂರು ಗಂಟೆಗೆ 350 ಎಂಬಿಯೊಳಗೇ ಮುಗಿಯುತ್ತದೆ. ಅದನ್ನು ಇನ್ನಷ್ಟು ಇಳಿಸಿ ಉಳಿಸುವುದು ಏನೂ ಇಲ್ಲ, ನಟುವಾಂಗದ ತಾಳದ ನಾದ ಮಾತ್ರ ತಗಡಿನ ಸದ್ದಾಗುತ್ತದೆ. ಮೂಲ ಧ್ವನಿ ಆಗಲೇ ಎಎಸಿ ಆಗಿದ್ದರೆ "ಎಎಸಿ ಪಾಸ್‌ಥ್ರೂ" ಆರಿಸಿ, ಅದು ಹಾಗೆಯೇ ನಕಲಾಗುತ್ತದೆ.

ರಾತ್ರಿಯ ಓಟ

ರೇಂಜನ್ನು ಮತ್ತೆ ಪೂರ್ತಿ ವಿಡಿಯೊಗೆ ತರುವುದನ್ನು ಮರೆಯದೆ "ಸ್ಟಾರ್ಟ್" ಒತ್ತಿ ಮಲಗಬಹುದು. ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಡದೆ, ಗಾಳಿಯಾಡುವ ಮೇಜಿನ ಮೇಲಿಡಿ. ಗುಡುಗು ಮಳೆಯ ಸಂಜೆಗಳಲ್ಲಿ ಕರೆಂಟ್ ಹೋಗುವ ಬಡಾವಣೆಯಲ್ಲಿದ್ದು, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಬಳಸುವವರು ಎಂಪಿ4 ಬದಲು ಎಂಕೆವಿ ಆರಿಸುವುದು ಒಳ್ಳೆಯದು. ಎಂಪಿ4 ತನ್ನ ಸೂಚಿಯನ್ನು ಕೊನೆಗೆ ಬರೆಯುವುದರಿಂದ, ನಡುವೆ ನಿಂತರೆ ಅದುವರೆಗಿನದೂ ಸಾಮಾನ್ಯವಾಗಿ ತೆರೆಯುವುದಿಲ್ಲ. ಎಂಕೆವಿ ಆದರೆ ಆದಷ್ಟು ಭಾಗವನ್ನಾದರೂ ನೋಡಬಹುದು.

ಬೆಳಿಗ್ಗೆ ಹೊಸ ಫೈಲಿನ ಅವಧಿ ಹಳೆಯದಕ್ಕೆ ಸಮನಾಗಿದೆಯೇ ನೋಡಿ. ಆರಂಭ, ಮಧ್ಯ, ಕೊನೆ ಮೂರೂ ಕಡೆ ಹೆಜ್ಜೆ ಬಿದ್ದ ಕ್ಷಣಕ್ಕೇ ಗೆಜ್ಜೆಯ ಸದ್ದು ಬರುತ್ತಿದೆಯೇ ಎಂದು ಕೇಳಿ. ಧ್ವನಿ ಜಾರುವ ದೋಷ ಮೊದಲ ಹತ್ತು ನಿಮಿಷದಲ್ಲಿ ಗೊತ್ತಾಗುವುದಿಲ್ಲ, ಕೊನೆಯಲ್ಲಿಯೇ ಎದ್ದು ಕಾಣುತ್ತದೆ. ಮರಳಿ ಸಿಗದ ಸಮಾರಂಭವಾದರೆ ಮೂಲವನ್ನು ಅಳಿಸುವುದೇ ಬೇಡ, ಎಸ್.ಪಿ. ರಸ್ತೆಯಲ್ಲಿ ಒಂದು ಹಾರ್ಡ್‌ಡಿಸ್ಕ್ ಕೊಂಡು ಅದರಲ್ಲಿಟ್ಟು ಬೀರುವಿನಲ್ಲಿಡಿ. ಕುಗ್ಗಿಸಿದ ಪ್ರತಿಯನ್ನೇ ಮುಂದೆ ಮತ್ತೆ ಕುಗ್ಗಿಸಿದರೆ ನಷ್ಟದ ಮೇಲೆ ನಷ್ಟ ಕೂಡುತ್ತದೆ, ಹೊಸ ಪ್ರತಿ ಬೇಕಾದಾಗಲೆಲ್ಲ ಮೂಲದಿಂದಲೇ ತೆಗೆಯಬೇಕು.

ಕಳುಹಿಸುವಾಗಲೂ ಎಚ್ಚರ ಬೇಕು. ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ತನ್ನಿಷ್ಟದಂತೆ ಮತ್ತೆ ಹಿಂಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ 2 ಜಿಬಿವರೆಗಿನದು ಇದ್ದಂತೆಯೇ ತಲುಪುತ್ತದೆ. ಯೂಟ್ಯೂಬ್ ಹೇಗಿದ್ದರೂ ತಾನೇ ಮರು ಎನ್‌ಕೋಡ್ ಮಾಡುವುದರಿಂದ ಅಲ್ಲಿಗೆ ಕುಗ್ಗಿಸಿದ್ದನ್ನಲ್ಲ, ಇಂಟರ್ನೆಟ್ ಸಂಪರ್ಕ ಅನುವು ಮಾಡಿಕೊಟ್ಟರೆ ಮೂಲವನ್ನೇ ಏರಿಸಿ.

ನಮ್ಮ ಎರಡು ಗಂಟೆ 35 ನಿಮಿಷದ ಫೈಲು ಕೊನೆಗೆ ಸುಮಾರು 7 ಜಿಬಿಗೆ ಬಂದು ನಿಂತಿತು. ಭಾವ ತಿಲ್ಲಾನದಲ್ಲಿ ನಿಲ್ಲಿಸಿ, ಟಿವಿಯ ಹತ್ತಿರ ಹೋಗಿ, ಕನ್ನಡಕ ಮೇಲೆತ್ತಿ ಜರಿಯನ್ನು ನೋಡಿ ತಲೆಯಾಡಿಸಿದರು. ಅಜ್ಜಿಯ ಪೆನ್‌ಡ್ರೈವ್ ಮಾತ್ರ ಇನ್ನೊಂದು ತಕರಾರು ತೆಗೆಯಿತು: ಅವರ ಹಳೆಯ ಟಿವಿ ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವನ್ನು ಮಾತ್ರ ಓದುತ್ತದೆ, ಅದರಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಫೈಲ್ ಕೂರುವುದಿಲ್ಲ. ಅದಕ್ಕಾಗಿ ಮತ್ತೆ ಎನ್‌ಕೋಡ್ ಮಾಡುವ ಅಗತ್ಯ ಬೀಳಲಿಲ್ಲ. ವರ್ಣ ಮುಗಿದು ಪದಕ್ಕೆ ಮುನ್ನ ಪರದೆ ಬೀಳುವ ಜಾಗದಲ್ಲಿ ಲಾಸ್‌ಲೆಸ್‌ಕಟ್‌ನಿಂದ ಎರಡು ತುಂಡು ಮಾಡಿ, ಒಂದಕ್ಕೆ "ಮೊದಲ ಭಾಗ", ಇನ್ನೊಂದಕ್ಕೆ "ಕಾಫಿ ನಂತರ" ಎಂದು ಹೆಸರಿಟ್ಟು ಮೈಸೂರಿಗೆ ಕಳಿಸಿಕೊಟ್ಟೆ.